ದುರ್ಗಕ್ಕೆ ಇಬ್ಬರೇ

ಇಷ್ಟೆಲ್ಲ ಆದದ್ದು ಒಂದು ಬುತ್ತಿ ಕ್ಯಾರಿಯರ್‌ನಿಂದ.

ಶಾಂತಕುಮಾರಿಯ ಮನೆಯಲ್ಲಿ ಕ್ಯಾರಿಯರ್ ಇರಲಿಲ್ಲವೆಂದಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ಮೂರು ಬಟ್ಟಲಿನ ಹಿತ್ತಾಳೆ ಕ್ಯಾರಿಯರ್ ಒಂದಿತ್ತು. ಆದರೆ ಅದರ ಮೇಲಿನ ಬಟ್ಟಲನ್ನು ಅತ್ತೆ ಅಕ್ಕನಾಗಮ್ಮನವರು ವಿಭೂತಿ ಗಟ್ಟಿ ಇಡುವುದಕ್ಕೆ ತೆಗೆದುಕೊಂಡಿದ್ದರು. ನಡುವಿನದು ಎಮ್ಮೆಗೆ ಹಿಂಡಿ ಅಳೆಯುವುದಕ್ಕೆ ಹೋಗಿತ್ತು. ಕೆಳಗಿನದು ಎಲ್ಲಿ ಹೋಯಿತೆಂದು ಕೇಳುವ ಧೈರ್ಯ ಶಾಂತಕುಮಾರಿಗೆ ಇರಲಿಲ್ಲ. ಆ ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು. ಅಷ್ಟರಲ್ಲಿ ಅವಳು ಬಾಯಿಬಿಟ್ಟು ಕೇಳಿದ ಪ್ರಶ್ನೆಗಳು ಎರಡೇ: "ಉಪ್ಪು ಸಾಕೇನ್ರಿ?" ಮತ್ತು "ದೀಪ ಆರಿಸ್ಲೇನ್ರಿ?"

ಗಂಡ ಉಜ್ಜನಪ್ಪ ಅರಳೆ ಮಿಲ್ಲಿನಲ್ಲಿ ಟೈಮ್ ಕೀಪರ್. ಯಾವ ಕೂಲಿ ಎಷ್ಟು ನಿಮಿಷ ತಡವಾಗಿ ಬಂದ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವನಿಗೆ, ಹೆಂಡತಿಯ ಜೊತೆ ಮಾತಾಡಲು ದಿನಕ್ಕೆ ಐದು ನಿಮಿಷ ಸಿಗುತ್ತಿರಲಿಲ್ಲ. ಹಗಲು ಹಿರಿಯರೆದುರು ಗಂಡಹೆಂಡಿರು ಮಾತಾಡುವ ಪದ್ಧತಿ ಇಲ್ಲ. ಇರುಳು, ಕೋಣೆಯ ಬಾಗಿಲಿಗೆ ಅಡ್ಡವಾಗಿ ಅತ್ತೆಯ ಹಾಸಿಗೆ. ಒಳಗೆ ಪಿಸುಗುಟ್ಟಿದರೆ ಹೊರಗೆ ಕೆಮ್ಮು ಬರುತ್ತಿತ್ತು. ಹೆಸರು ಹಿಡಿದು ಕರೆಯುವುದಂತೂ ದೂರವೇ ಉಳಿಯಿತು. ಉಜ್ಜನಪ್ಪ ಗೋಡೆಯ ಕಡೆ ನೋಡಿ "ನೀರು" ಅನ್ನುತ್ತಿದ್ದ. ಗೋಡೆ ತರುವುದಿಲ್ಲವೆಂದು ಖಾತ್ರಿಯಾದ ಮೇಲೆ ಶಾಂತಕುಮಾರಿ ತರುತ್ತಿದ್ದಳು.

ಇಂಥವನು ಹಿಂದಿನ ವಾರ ಹಿತ್ತಲಲ್ಲಿ ಮೈಮೇಲೆ ದಬದಬ ನೀರು ಸುರಿದುಕೊಳ್ಳುತ್ತ, ಆ ಸದ್ದಿನ ಮರೆಯಲ್ಲಿ ಹೇಳಿದ್ದ: "ಬರೋ ಭಾನುವಾರ ದುರ್ಗಕ್ಕೆ ಹೋಗಾಣ. ಇಬ್ರೇ. ರೈಲಿನಾಗ ಕಿಟಕಿ ಪಕ್ಕ ಎದುರಾಬದುರಾ ಕೂಡಾಣ. ಚಿಕ್ಕಜಾಜೂರಿನಾಗ ಬಂಡಿ ಬದಲಾಯಿಸಿದ್ವಿ ಅಂದ್ರೆ ಮುಂದೆ ಬರೀ ಗುಡ್ಡ ನೋಡು, ಒಂದರ ಹಿಂದೆ ಒಂದು ತಿರುಗ್ತಾ ಬರ್ತಾವೆ. ಕೋಟೆ ತುದಿಗೆ ಏರಿದ ಮ್ಯಾಲೆ ನಿನ್ನ ಹೆಸರು ಹಿಡಿದು ಕೂಗ್ತೀನಿ. ಏಳು ಸುತ್ತಿನ ಕೋಟೆ ತಿರುಗಿ ಕೂಗ್ತೈತೆ."

ಇನ್ನೊಂದು ತಂಬಿಗೆ ನೀರು ಇದ್ದಿದ್ದರೆ ಇನ್ನೇನು ಹೇಳುತ್ತಿದ್ದನೋ, ಹಂಡೆ ಖಾಲಿಯಾಗಿತ್ತು.

ಅಂದಿನಿಂದ ಶಾಂತಕುಮಾರಿಯ ಕಿವಿಯಲ್ಲಿ ಅದೇ. ರೊಟ್ಟಿ ಬಡಿಯುವಾಗ ಬಂಡೆಗಳು ಕೂಗುತ್ತಿದ್ದವು, ಮುಸುರೆ ತಿಕ್ಕುವಾಗ ಬುರುಜುಗಳು ಕೂಗುತ್ತಿದ್ದವು. ಗಂಡನ ಬಾಯಿಂದ ತನ್ನ ಹೆಸರು ಹೇಗೆ ಕೇಳಿಸೀತು? "ಶಾಂತಾ" ಅಂದಾನೋ, "ಶಾಂತೂ" ಅಂದಾನೋ? ಅವನಿಗೆ ತನ್ನ ಹೆಸರು ನೆನಪಾದರೂ ಇದೆಯೋ?

ಅಕ್ಕನಾಗಮ್ಮನವರಿಗೆ ದುರ್ಗದ ಮಠಕ್ಕೆ ಹರಕೆ ಎಂದು ಹೇಳಿ ಒಪ್ಪಿಸಿದ್ದಾಗಿತ್ತು. "ನನ್ನ ಮೊಣಕಾಲು ಕೇಳಂಗಿಲ್ಲಪ್ಪ. ನೀವಿಬ್ರೇ ಹೋಗಿ ಬರ್ರಿ" ಎಂದು ಅವರೇ ಅಂದಿದ್ದರು. ಇನ್ನುಳಿದದ್ದು ಬುತ್ತಿ. ಬುತ್ತಿಗೆ ಬೇಕಾದದ್ದು ಕ್ಯಾರಿಯರ್. ಹೀಗಾಗಿ ಶನಿವಾರ ಬೆಳಿಗ್ಗೆ, ಮಿಲ್ಲಿನ ಮೊದಲ ಕೂಗು ಆದ ಕೂಡಲೆ, ಶಾಂತಕುಮಾರಿ ಪಕ್ಕದ ಮನೆಯ ಕೊಟ್ರವ್ವನ ಬಾಗಿಲಿಗೆ ಹೋಗಿ ನಿಂತಳು.

ಕೊಟ್ರವ್ವನದು ಮಂಡಕ್ಕಿ ಭಟ್ಟಿ. ಭಟ್ಟಿಯಲ್ಲಿ ಅಕ್ಕಿ ಅರಳುವ ಹಾಗೆ ಅವಳ ಬಾಯಲ್ಲಿ ಸುದ್ದಿ ಅರಳುತ್ತಿತ್ತು. ಒಂದು ಕಾಳು ಹಾಕಿದರೆ ಮೊರ ತುಂಬ.

"ಕ್ಯಾರಿಯರ್ರಾ? ಅದಕ್ಕೇನವ್ವಾ, ತಗೊಂಡು ಹೋಗು" ಎಂದು ನಾಲ್ಕು ಬಟ್ಟಲಿನ ಥಳಥಳಿಸುವ ಕ್ಯಾರಿಯರ್ ತಂದಳು. ಖಾಲಿ ಪಾತ್ರೆ ಕೈಗೆ ಕೊಡಬಾರದೆಂದು ಮೇಲಿನ ಬಟ್ಟಲಿಗೆ ಒಂದು ಹಿಡಿ ಮಂಡಕ್ಕಿ ಹಾಕಿದಳು. "ತಿರುಗಿ ಕೊಡುವಾಗ ನೀನೂ ಖಾಲಿ ಕೊಡಬ್ಯಾಡ ಮತ್ತೆ. ಅಂದಂಗೆ ಎಲ್ಲಿಗೆ ಸವಾರಿ?"

"ದುರ್ಗಕ್ಕೆ."

"ಯಾರ್ಯಾರು?"

"ಅವ್ರು... ನಾನು."

"ಇಬ್ರೇ?"

ಆ 'ಇಬ್ರೇ' ಎಂಬುದಕ್ಕೆ ಕೊಟ್ರವ್ವ ಎಷ್ಟು ಉದ್ದದ ಬಾಲ ಕಟ್ಟಿದಳೆಂದರೆ, ಶಾಂತಕುಮಾರಿಯ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. ಆ ನಾಚಿಕೆ ಮುಚ್ಚಿಕೊಳ್ಳಲು ಏನಾದರೂ ಅನ್ನಬೇಕಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು:

"ಬರ್ರಿ ನೀವೂ."

ಈ ಊರಲ್ಲಿ ಈ ಮಾತಿಗೊಂದು ಕಟ್ಟಳೆ ಉಂಟು. ಉಣ್ಣುವಾಗ ಯಾರಾದರೂ ಬಂದರೆ "ಬರ್ರಿ ಉಣ್ಣಾಕೆ" ಅನ್ನಬೇಕು. ಬಂದವರು "ಈಗ ಆತು, ನಡೀಲಿ ನಿಮ್ದು" ಅನ್ನಬೇಕು. ಊರಿಗೆ ಹೊರಟವರು "ಬರ್ರಿ ನೀವೂ" ಅನ್ನಬೇಕು, ಕೇಳಿದವರು "ಚೆಂದಾಗಿ ಹೋಗಿ ಬರ್ರಿ" ಅನ್ನಬೇಕು. ಕರೆಯುವವರಿಗೆ ಕರೆದೊಯ್ಯುವ ಮನಸ್ಸಿಲ್ಲ, ಕೇಳುವವರಿಗೆ ಹೋಗುವ ಮನಸ್ಸಿಲ್ಲ. ಆದರೆ ಅನ್ನದೆ ಇದ್ದರೆ ಎರಡು ತಲೆಮಾರು ಮಾತು ಬಿಡುತ್ತಾರೆ. ದಾವಣಗೆರೆ ಹುಟ್ಟಿದಾಗಿನಿಂದ ಈ ಕರೆಯನ್ನು ನಿಜವೆಂದು ಹಿಡಿದುಕೊಂಡವರು ಯಾರೂ ಇರಲಿಕ್ಕಿಲ್ಲ.

ಕೊಟ್ರವ್ವ ಸೆರಗಿನಿಂದ ಮುಖದ ಬೂದಿ ಒರೆಸಿಕೊಂಡಳು. "ಬರ್ತೀನಿ ತಗಾ" ಅಂದಳು. "ಇಪ್ಪತ್ತು ವರ್ಷ ಆತು ಈ ಭಟ್ಟಿ ಮುಂದೆ ಕುಂತು. ನಮ್ಮ ಮನೆಯವ್ರೂ ಬರ್ತಾರೆ. ಇಷ್ಟು ಪ್ರೀತಿಯಿಂದ ಯಾರು ಕರೀತಾರೆ ಈ ಕಾಲದಾಗ?"

ಶಾಂತಕುಮಾರಿ ಕ್ಯಾರಿಯರ್ ಹಿಡಿದುಕೊಂಡು ಮನೆಗೆ ಬಂದಳು. ಕೈಯಲ್ಲಿ ಕ್ಯಾರಿಯರ್ ಇದೆಯೋ ಗುಂಡುಕಲ್ಲು ಇದೆಯೋ ತಿಳಿಯಲಿಲ್ಲ.

ಒಂಬತ್ತು ಗಂಟೆಗೆ ಓಣಿಯ ನಲ್ಲಿಯಲ್ಲಿ ನೀರು ಬಂತು. ನೀರಿನ ಹಿಂದೆ ಸುದ್ದಿ ಬಂತು. ಹತ್ತು ಗಂಟೆಗೆ ಎದುರು ಮನೆಯ ನಿರ್ಮಲಮ್ಮ ಕೊಡ ಕಂಕುಳಲ್ಲಿಟ್ಟುಕೊಂಡೇ ಅಂಗಳಕ್ಕೆ ಬಂದರು.

"ಅಲ್ಲ ಶಾಂತವ್ವಾ, ನಿನ್ನ ಮದುವ್ಯಾಗ ನೂರು ಹೋಳಿಗೆ ಬೇಯಿಸಿದೋಳು ನಾನು. ಕೊಟ್ರವ್ವನ್ನ ಕರೆದಿ, ನನ್ನ ಕರೀಲಿಲ್ಲ. ಇರ್ಲಿ ಬಿಡು, ನಮ್ದೇನು, ಬಡವರ ಮನೆ."

ನಿರ್ಮಲಮ್ಮನ ಮನೆಗೆ ಎರಡು ಅಂತಸ್ತು, ಮೇಲೆ ಹೆಂಚು. ಆದರೂ ಬಡವರು ಅಂದಮೇಲೆ ಏನು ಮಾಡುವುದು? "ಇಲ್ಲರೀ, ನಿಮ್ಮ ಮನೀಗೇ ಬರೋಳಿದ್ದೆ... ಬರ್ರಿ ನೀವೂ" ಅಂದಳು ಶಾಂತಕುಮಾರಿ.

"ನಾವು ಐದು ಮಂದಿ" ಎಂದರು ನಿರ್ಮಲಮ್ಮ, ತಕ್ಷಣ.

ಆಮೇಲೆ ಬಂದವರಿಗೆಲ್ಲ ನಿರ್ಮಲಮ್ಮನನ್ನು ಕರೆದದ್ದು ಗೊತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಶಾಂತಕುಮಾರಿ ಬಾಯಿ ತೆರೆಯುವುದಕ್ಕೇ ಹೆದರತೊಡಗಿದಳು. ತೆರೆದರೆ ಸಾಕು, ಒಳಗಿನಿಂದ ಒಂದು "ಬರ್ರಿ" ಹಾರಿಕೊಂಡು ಹೋಗುತ್ತಿತ್ತು. ಮುಚ್ಚಿಕೊಂಡರೆ ಇನ್ನೂ ಕೆಟ್ಟದ್ದು, ಅವರು ಅವಳ ಮೌನವನ್ನೇ ಒಪ್ಪಿಗೆ ಎಂದುಕೊಂಡು ಮನೆಮಂದಿಯ ತಲೆ ಎಣಿಸುತ್ತಿದ್ದರು.

ಅಕ್ಕನಾಗಮ್ಮನವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ಎಲೆಗೆ ಸುಣ್ಣ ಹಚ್ಚುತ್ತ ಅಂದರು:

"ಏ ಹುಡುಗಿ, ಓಣಿಗೆ ಓಣೀನೇ ಹೊಂಟೈತೆ. ನಾನೊಬ್ಬಳೇ ಇಲ್ಲಿ ನಾಯಿ ಕಾಯ್ಕೊಂಡು ಕೂಡ್ರಬೇಕೇನು?"

"ಅತ್ತೇ, ನಿಮ್ಮ ಮೊಣಕಾಲು..."

"ಮೊಣಕಾಲು ರೈಲಿನಾಗ ನಡೀತಾವೇನು? ಕೂಡ್ತಾವೆ. ಬೆಟ್ಟದ ಬುಡಕ್ಕೆ ಹೋದ ಮ್ಯಾಲೆ ಉಜ್ಜಣ್ಣ ಎತ್ಕೊಂಡು ಹೋಗ್ತಾನೆ. ಇದೇ ಮೊಣಕಾಲ ಮ್ಯಾಲೆ ಮಲಗಿಸಿ ಎರೆದಿದೀನಿ ಅವನಿಗೆ."

ಶನಿವಾರ ಮಿಲ್ಲು ಅರ್ಧ ದಿನ. ಮಧ್ಯಾಹ್ನ ಉಜ್ಜನಪ್ಪ ಮನೆಗೆ ಬಂದಾಗ ಅಂಗಳದಲ್ಲಿ ಹನ್ನೆರಡು ಹೆಂಗಸರು ಕೂತು, ಯಾರು ಏನು ಬುತ್ತಿ ಕಟ್ಟಬೇಕೆಂದು ಜಗಳವಾಡುತ್ತಿದ್ದರು. ಮದುವೆ ಮನೆಗೆ ತಪ್ಪಿ ಬಂದವನ ಹಾಗೆ ಅವನು ಹೊಸ್ತಿಲಲ್ಲಿ ನಿಂತ. ಅಡಿಗೆಮನೆಯ ಬಾಗಿಲಿನಿಂದ ಶಾಂತಕುಮಾರಿ ನೋಡಿದಳು. ಕಣ್ಣು ಕಣ್ಣು ಕೂಡಿದವು. ಅವನ ಕಣ್ಣು "ಏನಿದು?" ಅಂದಿತು. ಅವಳ ಕಣ್ಣು "ಕ್ಯಾರಿಯರ್" ಅನ್ನಲು ಹೋಯಿತು. ಆದರೆ ಅದನ್ನು ಕಣ್ಣಲ್ಲಿ ಹೇಳುವುದು ಹೇಗೆ?

"ಬಾರಪ್ಪ ಬಾ" ಎಂದರು ಅಕ್ಕನಾಗಮ್ಮ. "ಹರಿಹರಕ್ಕೆ ಬಸ್ ಕಂಡಕ್ಟರ್ ಕೂಡೆ ಹೇಳಿ ಕಳಿಸೀನಿ. ನಿನ್ನ ಮಾವ ಬರ್ತಾನೆ. ರೈಲಿನ ವಿಷಯ ಅವನಿಗೆ ಗೊತ್ತಿರೋ ಹಂಗೆ ರೈಲಿಗೂ ಗೊತ್ತಿಲ್ಲ."

ಮೂರು ಗಂಟೆಗೆ ಹರಿಹರದ ವಾಮದೇವಪ್ಪನವರು ಬಂದರು. ಅಕ್ಕನಾಗಮ್ಮನವರ ತಮ್ಮ. ಹರಿಹರದ ಗೂಡ್ಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ರಿಟೈರಾದವರು. ಮೂವತ್ತು ವರ್ಷ ಮೂಟೆಗಳನ್ನು ಕಳಿಸಿ ಕಳಿಸಿ, ಮನುಷ್ಯರನ್ನೂ ಮೂಟೆಗಳ ಹಾಗೆಯೇ ನೋಡುವ ರೂಢಿಯಾಗಿತ್ತು. ಬಂದವರೇ ಅಂಗಳದಲ್ಲಿದ್ದವರನ್ನು ಬೆರಳು ತೋರಿಸಿ ಎಣಿಸಿದರು.

"ಇನ್ನೂ ಬರೋರೂ ಸೇರಿ ಇಪ್ಪತ್ತೆರಡು" ಅಂದರು. "ನಾಳೆ ಬೆಳಗಿನ ಪ್ಯಾಸೆಂಜರ್. ಅದು ಹುಬ್ಳಿ ಕಡೆಯಿಂದ ಬರೋದು. ಇಲ್ಲಿಗೆ ಬರೋಷ್ಟೊತ್ತಿಗೆ ಉಸಿರಾಡಾಕೂ ಜಾಗ ಇರಂಗಿಲ್ಲ. ಅದಕ್ಕೆ ಹಿಂಗ್ ಮಾಡಾಣ. ಎಲ್ರೂ ಒಂದೊಂದು ಟವಲ್ ಕೊಡ್ರಿ."

"ಟವಲ್ ಯಾಕ್ರೀ?"

"ನಾನು ಸಂಜೆ ಬಸ್ಸಿಗೆ ಟವಲ್ ಗಂಟು ಹರಿಹರಕ್ಕೆ ಒಯ್ತೀನಿ. ಬೆಳಿಗ್ಗೆ ಹರಿಹರದಾಗ ಬಂಡಿ ಬಂದ ಕೂಡ್ಲೆ ಹತ್ತಿ ಸೀಟಿನ ಮ್ಯಾಲೆಲ್ಲ ಹಾಸ್ತೀನಿ. ಹೆಣ್ಮಕ್ಕಳ ಡಬ್ಬಿಯಾಗ ನಮ್ಮ ಮನೆಯಾಕಿ ಹಾಸ್ತಾಳೆ. ಟವಲ್ ಹಾಸಿದ ಸೀಟಿನ ಮ್ಯಾಲೆ ಬ್ರಹ್ಮ ಬಂದ್ರೂ ಕೂಡಂಗಿಲ್ಲ."

ಟವಲುಗಳು ಬಂದವು. ಕೆಂಪಂಚಿನವು, ತೂತು ಬಿದ್ದವು, ನಿನ್ನೆಯಷ್ಟೇ ತಲೆ ಒರೆಸಿ ಇನ್ನೂ ಒಣಗದವು. ಕೊಟ್ರವ್ವ ಮಂಡಕ್ಕಿ ಚೀಲವನ್ನೇ ಬಿಚ್ಚಿ ಕೊಟ್ಟಳು.

ಶಾಂತಕುಮಾರಿ ಟವಲಿನ ಮಾತು ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ. ಅವಳ ಕಿವಿ ಹಿಡಿದದ್ದು 'ಹೆಣ್ಮಕ್ಕಳ ಡಬ್ಬಿ' ಎಂಬುದನ್ನು. ಗಂಡಸರು ಎಂಜಿನ್ನಿನ ಹತ್ತಿರದ ಡಬ್ಬಿ, ಹೆಂಗಸರು ಗಾರ್ಡಿನ ಹತ್ತಿರದ ಡಬ್ಬಿ. ನಡುವೆ ಒಂದಿಡೀ ರೈಲು. ಕಿಟಕಿ ಪಕ್ಕದ ಎದುರಾಬದುರಾ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ಕೋಟೆಯ ತುದಿ. ಅಲ್ಲಿ ಗಂಡನ ಬೆನ್ನ ಮೇಲೆ ಅತ್ತೆ ಕೂತಿರುತ್ತಾರೆ.

"ಟಿಕೇಟು?" ಎಂದು ಯಾರೋ ಕೇಳಿದರು.

"ಇಪ್ಪತ್ತೆರಡು ಟಿಕೇಟು ಇಪ್ಪತ್ತೆರಡು ಮಂದಿ ಕೈಗೆ ಕೊಟ್ರೆ ಅರ್ಧ ಅಲ್ಲೇ ಕಳೀತಾವೆ. ಎಲ್ರಿಗೂ ಸೇರಿ ಒಂದೇ ಚೀಟಿ ಬರೆಸಿದ್ರಾತು. ಉಜ್ಜಪ್ಪಾ, ಈಗ್ಲೇ ಟೇಷನ್ನಿಗೆ ಹೋಗು, ನನ್ನ ಹೆಸರು ಹೇಳು, ಬರೆದು ಕೊಡ್ತಾರೆ. ಈ ದಂಡಿಗೆ ನೀನೇ ಮುಖಂಡ."

ಮುಖಂಡ ಗೋಡೆಯ ಕಡೆ ನೋಡಿ "ನೀರು" ಅಂದ. ಶಾಂತಕುಮಾರಿ ಓಡಿ ಬಂದು ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅವನು ಏನೋ ಹೇಳಲು ತುಟಿ ಬಿಚ್ಚಿದ. ಅಷ್ಟರಲ್ಲಿ ಮಲೇಬೆನ್ನೂರಿನ ಬಸ್ಸಿಳಿದು ಅಕ್ಕನಾಗಮ್ಮನವರ ದೊಡ್ಡ ನಾದಿನಿ ಗಂಟು ಹೊತ್ತು ಬಾಗಿಲಿಗೆ ಬಂದರು. ಬಸ್ ಕಂಡಕ್ಟರುಗಳು ಆ ಕಾಲದಲ್ಲಿ ತಂತಿಗಿಂತ ಚುರುಕಾಗಿದ್ದರು. ನಾದಿನಿಗೆ ಸೊಂಟ ನೋವು, ಹೊರಗೆ ಮಲಗುವ ಹಾಗಿಲ್ಲ. ಹಾಗಾಗಿ ಕೋಣೆಯಲ್ಲಿ ಹೆಂಗಸರು, ಗಂಡಸರು ಜಗಲಿಯ ಮೇಲೆ ಎಂದು ಇತ್ಯರ್ಥವಾಯಿತು. ಪಿಸುಮಾತಿಗೂ ಬಾಗಿಲು ಮುಚ್ಚಿತು.

ಭಾನುವಾರ ಬೆಳಗಾಯಿತು. ಓಣಿಯಲ್ಲಿ ಗುಳೆ ಹೊರಟ ಹಾಗೆ ಗದ್ದಲ. ಅಕ್ಕನಾಗಮ್ಮನವರು ಬಾಗಿಲಿಗೆ ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿ, ಕೀಲಿಯನ್ನು ಎಲೆಯಡಿಕೆ ಚೀಲಕ್ಕೆ ಹಾಕಿ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದರು. ಆ ಸಂದಣಿಯಲ್ಲಿ ಉಜ್ಜನಪ್ಪ ಕೋಟಿನ ತೋಳಿಗೆ ಕೈ ತೂರಿಸುತ್ತ ಹೆಂಡತಿಯ ಪಕ್ಕಕ್ಕೆ ಸರಿದ.

"ಟೇಷನ್ನಾಗ ನಲ್ಲಿ ಹತ್ರ..." ಎಂದ, ತುಟಿ ಅಲುಗಿಸದೆ.

"ಏನ್ ನಲ್ಲಿ?" ಎಂದರು ಅಕ್ಕನಾಗಮ್ಮ, ಹಿಂದಿನಿಂದ.

"ನಲ್ಲಿ ಬಂದ್ ಮಾಡೇವೋ ಇಲ್ಲೋ ಅಂತ" ಎಂದು ಉಜ್ಜನಪ್ಪ ಜಟಕಾದ ಕಡೆ ಹೋಗಿಬಿಟ್ಟ.

ಜಮಾಲ್ ಸಾಬನ ಜಟಕಾ ಓಣಿಗೂ ಟೇಷನ್ನಿಗೂ ನಾಲ್ಕು ಸಲ ತಿರುಗಿತು. ಕೊನೆಯ ಸಲದ ಹೊತ್ತಿಗೆ ಕುದುರೆ ಹೇಳದೆಯೇ ಮನೆಮನೆಯ ಮುಂದೆ ನಿಲ್ಲುವುದನ್ನು ಕಲಿತಿತ್ತು.

ಜಟಕಾದಲ್ಲಿ ತೊಡೆಯ ಮೇಲೆ ಕ್ಯಾರಿಯರ್ ಇಟ್ಟುಕೊಂಡು, ಕೊಟ್ರವ್ವನಿಗೂ ನಾದಿನಿಗೂ ನಡುವೆ ಚಟ್ನಿಯಾಗುತ್ತ, ಶಾಂತಕುಮಾರಿ ಯೋಚಿಸಿದಳು. ಹುಟ್ಟಿದ ಮೇಲೆ ಮೊದಲ ಸಲ ಒಂದು ಯುಕ್ತಿ ಹೊಳೆಯಿತು. ಎಲ್ಲರೂ ಹತ್ತಲಿ. ಬಂಡಿ ಇನ್ನೇನು ಹೊರಡಬೇಕು ಅನ್ನುವಾಗ ತಾನು ಇಳಿದುಬಿಡಬೇಕು. ಹೆಂಡತಿ ಉಳಿದುಕೊಂಡಳೆಂದು ಗೊತ್ತಾದರೆ ಅವರು ಮುಂದಿನ ಟೇಷನ್ನಿನಿಂದಾದರೂ ತಿರುಗಿ ಬರಲೇಬೇಕು. ಅತ್ತೆ ಇಳಿದು ಬರಲಾರರು, ಮೊಣಕಾಲು. ದುರ್ಗಕ್ಕೆ ಓಣಿ ಹೋಗಲಿ. ಓಣಿಯಲ್ಲಿ ತಾವಿಬ್ಬರೇ ಇರೋಣ.

ಬಂಡಿ ಬಂತು. ಮುಂದಿನ ಡಬ್ಬಿಯ ಬಾಗಿಲಲ್ಲಿ ವಾಮದೇವಪ್ಪನವರು ಒಂದು ಟವಲನ್ನು ಬಾವುಟದ ಹಾಗೆ ಬೀಸುತ್ತಿದ್ದರು. ಹೆಣ್ಣುಮಕ್ಕಳ ಡಬ್ಬಿಯಲ್ಲಿ ಅವರ ಹೆಂಡತಿ ಹನ್ನೆರಡು ಟವಲುಗಳನ್ನು ಕಾಯುತ್ತ, ದಾರಿಯ ಹೆಂಗಸರ ಜೊತೆ ಜಗಳವಾಡಿ ಗಂಟಲು ಕಟ್ಟಿಸಿಕೊಂಡಿದ್ದರು. ಅತ್ತೆ ಹತ್ತಿದರು, ನಾದಿನಿ ಹತ್ತಿದರು, ನಿರ್ಮಲಮ್ಮ ಹತ್ತಿದರು. ಕೊಟ್ರವ್ವನನ್ನು ಇಬ್ಬರು ಎಳೆದು ಒಬ್ಬರು ನೂಕಿದರು. ಕೊನೆಗೆ ಶಾಂತಕುಮಾರಿ ಹತ್ತಿ ಬಾಗಿಲಲ್ಲೇ ನಿಂತಳು.

ಗಾರ್ಡ್ ಹಸಿರು ನಿಶಾನೆ ಬಿಚ್ಚಿದ. ಶಾಂತಕುಮಾರಿ ಹೇಳಿದಳು:

"ಅತ್ತೇ, ಕ್ಯಾರಿಯರ್ ಅಲ್ಲೇ ಕಲ್ಲು ಬೆಂಚಿನ ಮ್ಯಾಲೆ ಬಿಟ್ಟೆ."

"ಅಯ್ಯೋ ನನ್ನ ಕ್ಯಾರಿಯರ್!" ಎಂದು ಕೊಟ್ರವ್ವ ಚೀರಿದಳು. "ಓಡು ತಂಗೀ!"

ಇಳಿದು ಓಡಿದಳು. ಬೆಂಚಿನ ಮೇಲೆ ತಾನೇ ಬೇಕೆಂದು ಇಟ್ಟಿದ್ದ ಕ್ಯಾರಿಯರ್ ಮುಟ್ಟಿದಳು. ಎತ್ತಿಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಂಡಳು. ಹಿಡಿಕೆ ಬಿಗಿಯಾಗಿದೆಯೋ ಎಂದು ನೋಡಿದಳು. ಸಿಳ್ಳೆ ಹಾಕಿ ಬಂಡಿ ಅಲುಗಿತು. "ಹುಡುಗೀ! ಹುಡುಗೀ!" ಎಂಬ ಅತ್ತೆಯ ಕೂಗು ಚಕ್ರದ ಸದ್ದಿನಲ್ಲಿ ಸಣ್ಣದಾಗುತ್ತ ಹೋಯಿತು. ಗಾರ್ಡಿನ ಡಬ್ಬಿಯೂ ದಾಟಿತು.

ಶಾಂತಕುಮಾರಿ ತಲೆ ಎತ್ತಿದಾಗ ಪ್ಲಾಟ್‌ಫಾರ್ಮು ಒಗೆದು ಹಾಸಿದ ಹಾಗೆ ಖಾಲಿಯಾಗಿತ್ತು. ಅಷ್ಟುದ್ದದ ಆ ಕೊನೆಯಲ್ಲಿ, ನಲ್ಲಿಯ ಹತ್ತಿರ, ಒಬ್ಬ ಮನುಷ್ಯ ತಂಬಿಗೆ ಹಿಡಿದು ನಿಂತಿದ್ದ. ನೀರು ತುಂಬಿ ಹೊರಗೆ ಸುರಿಯುತ್ತಿತ್ತು. ಅವನು ರೈಲು ಹೋದ ದಿಕ್ಕಿಗೇ ನೋಡುತ್ತಿದ್ದ, ಸರ್ವಸ್ವವೂ ಹೋಯಿತೆಂಬಂತೆ.

ಆಮೇಲೆ ತಿರುಗಿದ.

ಅವನು ಓಡಿ ಬಂದನೋ, ಇವಳು ಓಡಿದಳೋ, ಇಬ್ಬರಿಗೂ ಆಮೇಲೆ ನೆನಪಿರಲಿಲ್ಲ.

"ನೀ... ನೀನೂ ಇಳಿದ್ಯಾ!" ಉಜ್ಜನಪ್ಪ ಏದುಸಿರು ಬಿಡುತ್ತಿದ್ದ. "ನಲ್ಲಿ ಹತ್ರ ಬಾ ಅಂತ ಹೇಳಾಕೆ ಬಂದಿದ್ದೆ, ಅವ್ವ ಬಂದ್ಬಿಟ್ಲು. ನೀರು ತರ್ತೀನಿ ಅಂತ ಇಳಿದು, ನೀ ಬರ್ತಿ ಬರ್ತಿ ಅಂತ ಕಾದೆ. ಬಂಡಿ ಹೋತು. ನೀನೂ ಹೋದ್ಯಲ್ಲ ಅಂತ..."

"ನಾ ಕ್ಯಾರಿಯರ್ ನೆವ ಹೇಳಿ ಇಳಿದೆ ಕಣ್ರೀ."

ಉಜ್ಜನಪ್ಪ ನಕ್ಕ. ಶಾಂತಕುಮಾರಿ ಅವನ ನಗೆಯ ಸದ್ದನ್ನು ಮೊದಲ ಸಲ ಕೇಳಿದಳು. ಚೆನ್ನಾಗಿತ್ತು, ಸ್ವಲ್ಪ ಕುದುರೆ ಕೆನೆದ ಹಾಗೆ. ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತರು. ನಡುವೆ ಕ್ಯಾರಿಯರ್ ಇತ್ತು, ಅತ್ತೆ ಇರಲಿಲ್ಲ.

"ದುರ್ಗಕ್ಕಂತೂ ಬ್ಯಾಡ, ಅಲ್ಲಿ ಇಡೀ ಓಣಿ ಐತೆ" ಎಂದ ಉಜ್ಜನಪ್ಪ. "ಹರಿಹರಕ್ಕೆ ಹೋಗಾಣ. ಮಾವನ ಮನೆಯವ್ರೂ ಹೋಗ್ಯಾರೆ, ನಮ್ಮನ್ನ ನೋಡೋರು ಯಾರೂ ಇಲ್ಲ ಅಲ್ಲಿ. ಹೊಳೆ ದಂಡೆ ಮ್ಯಾಲೆ ಕುಂತು ಬುತ್ತಿ ಉಣ್ಣಾಣ." ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಇಲ್ಲೇ ಕೂಗ್ಲೇನು, ಹೆಸರು?"

ದೂರದಲ್ಲಿ ಒಬ್ಬ ಪೋರ್ಟರ್ ಬೀಡಿ ಸೇದುತ್ತ ನಿಂತಿದ್ದ. ಶಾಂತಕುಮಾರಿ ಸೆರಗು ಬಾಯಿಗಿಟ್ಟುಕೊಂಡಳು. "ಇಲ್ಲಿ ಬ್ಯಾಡ್ರಿ, ಮಂದಿ ಅದಾರೆ. ಹೊಳೆ ದಂಡ್ಯಾಗೇ ಕೂಗ್ರಿ."

"ಹಂಗಾದ್ರೆ ಇರು, ಹರಿಹರಕ್ಕೆ ಎರಡು ಟಿಕೇಟು ತರ್ತೀನಿ" ಎಂದು ಉಜ್ಜನಪ್ಪ ಎದ್ದು ಕೋಟಿನ ಒಳಜೇಬಿಗೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ನಿಂತಿತು. ಮುಖದಲ್ಲಿದ್ದ ನಗೆ ಒಂದೊಂದೇ ಮೆಟ್ಟಿಲಿಳಿಯಿತು. ಮೆಲ್ಲಗೆ ಕೈ ಹೊರಗೆ ತೆಗೆದ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ.

ಇಪ್ಪತ್ತೆರಡು ಮಂದಿಯ 'ಒಂದೇ ಚೀಟಿ'.

ಟೇಷನ್ ಮಾಸ್ತರರು ಚೀಟಿ ನೋಡಿದರು, ಉಜ್ಜನಪ್ಪನನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು. "ಚಿಕ್ಕಜಾಜೂರಿನಾಗ ಇಳಿದ ಕೂಡ್ಲೆ ಟಿಕೇಟು ಕೇಳ್ತಾರಲ್ರೀ. ಇಪ್ಪತ್ತು ಮಂದೀನೂ ಒಂದು ಕಡೆ ಕೂಡ್ರಿಸ್ಬಿಡ್ತಾರೆ. ನಾನು ಫೋನ್ ಮಾಡಿ ಹೇಳ್ತೀನಿ, ಆದ್ರೆ ಚೀಟಿ ನೀವೇ ಒಯ್ದು ಮುಟ್ಟಿಸ್ಬೇಕು. ಅಗೋ ಗೂಡ್ಸ್ ನಿಂತೈತೆ. ವಾಮದೇವಪ್ಪನೋರ ಅಳಿಯ ಅಂತೀರಿ, ಗಾರ್ಡಿಗೆ ಹೇಳ್ತೀನಿ, ಬ್ರೇಕ್ ವ್ಯಾನಿನಾಗ ನಿಂತು ಹೋಗ್ರಿ."

"ನಾವಿಬ್ರು..."

"ಗೂಡ್ಸಿನಾಗ ಹೆಣ್ಮಕ್ಕಳನ್ನ ಹತ್ತಿಸಂಗಿಲ್ಲಪ್ಪಾ. ಬೇಗ ಹೋಗ್ರಿ, ಬಿಡೋ ಹೊತ್ತಾತು."

ಉಜ್ಜನಪ್ಪ ಹೆಂಡತಿಯ ಕಡೆ ನೋಡಿದ. ಗೋಡೆಯ ಕಡೆಗಲ್ಲ, ಹೆಂಡತಿಯ ಕಡೆಗೇ ನೋಡಿದ. ತಂಬಿಗೆಯನ್ನು ಅವಳ ಕೈಗೆ ಕೊಟ್ಟು ಹಳಿ ದಾಟಿ ಓಡಿದ.

ಹತ್ತಿಯ ಮೂಟೆ ಹೊತ್ತ ಗೂಡ್ಸ್ ಬಂಡಿ ನಿಧಾನವಾಗಿ ಹೊರಟಿತು. ಒಂದು ಕೈಯಲ್ಲಿ ಕ್ಯಾರಿಯರ್, ಒಂದು ಕೈಯಲ್ಲಿ ತಂಬಿಗೆ ಹಿಡಿದು ಶಾಂತಕುಮಾರಿ ನೋಡುತ್ತ ನಿಂತಳು. ಕೊನೆಯ ಡಬ್ಬಿಯ ಕಟಕಟೆಯಲ್ಲಿ ಉಜ್ಜನಪ್ಪ ನಿಂತಿದ್ದ. ಬಂಡಿ ಪ್ಲಾಟ್‌ಫಾರ್ಮು ದಾಟುವಾಗ ಇದ್ದಕ್ಕಿದ್ದ ಹಾಗೆ ಅವನು ಎರಡೂ ಕೈ ಬಾಯಿಗೆ ಹಿಡಿದು, ಟೇಷನ್ನಿನ ಹೆಂಚು ಹಾರುವ ಹಾಗೆ ಕೂಗಿದ:

"ಶಾಂತಾ!"

ಪೋರ್ಟರ್ ಬೀಡಿ ಕೆಳಗೆ ಹಾಕಿದ. ಗೂಡ್ಸ್ ಶೆಡ್ಡಿನ ಗೋಡೆ ತಿರುಗಿ "ಶಾಂತಾ" ಅಂದಿತು. ಶಾಂತಕುಮಾರಿಯ ಎದೆಯಲ್ಲಿ ಏಳು ಸುತ್ತಿನ ಕೋಟೆಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು.

"ಶಾಂತಾ!" ಎಂದು ಇನ್ನೊಮ್ಮೆ ಕೂಗಿದ. "ಮನೆ ಕೀಲಿ ಅವ್ವನ ಸೊಂಟದಾಗೇ ಐತೇ!"

ಆ ದಿನವೆಲ್ಲ ಶಾಂತಕುಮಾರಿ ಬೀಗ ಹಾಕಿದ ಮನೆಯ ಜಗಲಿಯ ಮೇಲೆ ಕೂತಿದ್ದಳು. ಬಯಸಿದ ಹಾಗೇ ಓಣಿ ಖಾಲಿಯಾಗಿತ್ತು. ಒಂದು ನರಪಿಳ್ಳೆಯಿಲ್ಲ. ನಾಯಿಗಳಿದ್ದವು, ಅಷ್ಟೆ. ಮಧ್ಯಾಹ್ನ ಕ್ಯಾರಿಯರ್ ಬಿಚ್ಚಿ ಮೊದಲು ತನ್ನ ಪಾಲು ಉಂಡಳು. ಸಂಜೆಗೆ ಅವನ ಪಾಲೂ ಉಂಡಳು. ಕೊನೆಯ ಬಟ್ಟಲಿನಲ್ಲಿ ಎರಡು ಹೋಳಿಗೆ ಮಾತ್ರ ಹಾಗೇ ಬಿಟ್ಟಳು, ಪಾತ್ರೆ ಖಾಲಿ ಕೊಡಬಾರದಲ್ಲ.

ದೀಪ ಹಚ್ಚುವ ಹೊತ್ತಿಗೆ ಜಟಕಾ ಬಂತು. ಅದರ ಹಿಂದೆ ನಡೆದುಕೊಂಡು ಓಣಿ ಬಂತು. ಉಜ್ಜನಪ್ಪನ ಬೆನ್ನು ಬಾಗಿತ್ತು. ಮೊಣಕಾಲುಗಳು ಬೆಟ್ಟವನ್ನು ಅವನ ಮೇಲೇ ಹತ್ತಿ ಇಳಿದಿದ್ದವು.

"ಏನ್ ಕೇಳ್ತಿ ಶಾಂತವ್ವಾ!" ಕೊಟ್ರವ್ವ ಜಟಕಾದಿಂದ ಇಳಿಯುವ ಮುಂಚೆಯೇ ಶುರು ಮಾಡಿದಳು. "ಚಿಕ್ಕಜಾಜೂರಿನಾಗ ನಮ್ಮನ್ನ ಸಾಲಾಗಿ ಕೂಡ್ರಿಸಿದ್ರು ನೋಡು, ಮದುವೆ ಪಂಕ್ತಿ ಹಂಗೆ! ಸುಮ್ನೆ ಯಾಕೆ ಕೂಡಾದು ಅಂತ ಬುತ್ತಿ ಬಿಚ್ಚಿದ್ವಿ. ಟಿಕೇಟು ಕೇಳಿದೋನಿಗೂ ಎರಡು ರೊಟ್ಟಿ ಕೊಟ್ವಿ. ಅಷ್ಟೊತ್ತಿಗೆ ನಿನ್ನ ಗಂಡ ಗೂಡ್ಸಿನಾಗ ಬಂದ್ರು, ಮೈಯೆಲ್ಲ ಹತ್ತಿ ಮೆತ್ತಿಕೊಂಡು ಮದುವೆ ಗಂಡಿನಂಗೆ!"

"ಪಾಪ, ನಿನ್ನ ಕ್ಯಾರಿಯರ್ ಸಲುವಾಗಿ ನಮ್ಮ ಹುಡುಗಿ ಒಬ್ಳೇ ಉಳಕಂಡ್ಲು" ಎಂದರು ಅಕ್ಕನಾಗಮ್ಮ. ಅವರ ದನಿಯಲ್ಲಿ ಎಂದೂ ಇಲ್ಲದ ಮರುಕವಿತ್ತು. "ಗುಡ್ಡದ ಮ್ಯಾಲೆ ನನಗೆ ಒಂದೇ ಕೊರಗು. ಅದಕ್ಕೆ ಎಲ್ರೂ ಸೇರಿ ತೀರ್ಮಾನ ಮಾಡೀವಿ ತಂಗೀ. ಬರೋ ಭಾನುವಾರ ನಿನಗೋಸ್ಕರ ಮತ್ತೆ ದುರ್ಗಕ್ಕೆ ಹೋಗೋದು."

ಶಾಂತಕುಮಾರಿಯ ಕಣ್ಣು ಅರಳಿದವು. "ನಾವಿಬ್ರು...?"

"ಎಲ್ರೂ! ನಿನ್ನೊಬ್ಳನ್ನೇ ಕಳಿಸ್ತೀವಾ?"

"ಈ ಸಲ ಒಬ್ಬೊಬ್ರಿಗೆ ಒಂದೊಂದು ಟಿಕೇಟು, ಅವರವರ ಸೆರಗಿನಾಗ ಗಂಟು" ಎಂದರು ವಾಮದೇವಪ್ಪ. ಟವಲುಗಳನ್ನು ಗುರುತು ಹಿಡಿದು ಹಂಚುವ ಸಲುವಾಗಿ ಅವರೂ ದಾವಣಗೆರೆಯಲ್ಲೇ ಇಳಿದಿದ್ದರು. "ನೀರು ಮನೆಯಿಂದ್ಲೇ. ಬಂಡಿ ಹತ್ತಿದ ಮ್ಯಾಲೆ ಯಾರೂ ಇಳಿಯಂಗಿಲ್ಲ."

ಶಾಂತಕುಮಾರಿ ಕ್ಯಾರಿಯರ್ ತಂದು ಕೊಟ್ರವ್ವನ ಮುಂದೆ ಹಿಡಿದಳು. ಕೊಟ್ರವ್ವ ಹೋಳಿಗೆ ಎರಡನ್ನೂ ತೆಗೆದುಕೊಂಡು ಕ್ಯಾರಿಯರ್ ಹಿಂದಕ್ಕೆ ನೂಕಿದಳು. "ನಿನ್ನ ಹತ್ರಾನೇ ಇರ್ಲಿ ಬಿಡವ್ವಾ. ಬರೋ ವಾರಕ್ಕೂ ಬೇಕಲ್ಲ."

ಜಗಲಿಯ ಕೆಳಗೆ ಜಮಾಲ್ ಸಾಬ್ ಕುದುರೆಯ ಬಾಯಿಗೆ ಹುಲ್ಲು ಹಿಡಿದು ನಿಂತಿದ್ದ. ಬೆಳಗಿನಿಂದ ನಡೆದದ್ದನ್ನೆಲ್ಲ ನೋಡಿದವನು. ಮೆಲ್ಲಗೆ ನಕ್ಕು ಕೇಳಿದ: "ಹಂಗಾದ್ರೆ ಮತ್ತೆ ದುರ್ಗಕ್ಕೇನವ್ವಾ?"

"ಹೂಂ" ಅಂದಳು ಶಾಂತಕುಮಾರಿ. ಅಲ್ಲಿಗೇ ಬಾಯಿ ಮುಚ್ಚಬೇಕೆಂದು ಅವಳಿಗೆ ಗೊತ್ತಿತ್ತು. ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೂ ನೋಡಿದಳು. ಆದರೆ ಊರಿನ ರೂಢಿ ಹಲ್ಲಿಗೆ ಕೇಳುತ್ತದೆಯೇ?

"ಬರ್ರಿ ನೀವೂ" ಅಂದಳು.

ಜಮಾಲ್ ಸಾಬ್ ತಲೆಯ ಟೋಪಿ ಸರಿಮಾಡಿಕೊಂಡ. "ಹೆಣ್ಮಗಳು ಬಾಯಿಬಿಟ್ಟು ಕರೆದಾಗ ಇಲ್ಲ ಅನ್ನಾಕಾಗ್ತೈತಾ?" ಎಂದ. "ನಮ್ಮ ಮನೆಯವ್ರಿಗೂ ಹೇಳ್ತೀನಿ. ನಾವು ಏಳು ಮಂದಿ ಆಗ್ತೀವಿ."

ಒಳಗೆ ಉಜ್ಜನಪ್ಪ ಗೋಡೆಯ ಕಡೆ ನೋಡಿ "ನೀರು" ಅಂದ.